ಕೊಬ್ಬರಿ ಪೇಟೆಯ ಎತ್ತಂಗಡಿ

ಬುಧವಾರ, ಬೆಳಿಗ್ಗೆ ಆರೂವರೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಕಾರ್ತಿಕ ಮಾಸ. ಜಾಗ, ಊರಾಚೆಯ ಹೊಸ ಮಾರುಕಟ್ಟೆ ಅಂಗಳ. ಹಾಜರಿದ್ದವರು: ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿ ವಿಠಲರಾಯರು, ಮೇಲ್ವಿಚಾರಕನಾದ ನಾನು, ಹಮಾಲರ ಮುಖಂಡ ತಿಮ್ಮಣ್ಣ ಮತ್ತು ಅವನ ಆಳುಗಳು, ತಮಟೆ ಹನುಮಯ್ಯ. ಹಾಜರಿರಬೇಕಾಗಿದ್ದವರು: ಪೇಟೆಯ ಕೊಬ್ಬರಿ ಮಂಡಿಯವರೆಲ್ಲರೂ. ಬಂದವರು: ಯಾರೂ ಇಲ್ಲ.

ಅಂದು ಹೊಸ ಅಂಗಳದಲ್ಲಿ ಮೊದಲ ಮಾರುಕಟ್ಟೆ. ಹಿಂದಿನ ವಾರವೇ ದೊಡ್ಡವರು ಬಂದು ಟೇಪು ಕತ್ತರಿಸಿ, ಹಾರ ಹಾಕಿಸಿಕೊಂಡು ಹೋಗಿದ್ದರು. ಮಳಿಗೆಗಳಿಗೆ ಸುಣ್ಣ ಬಳಿದಿತ್ತು. ತೂಕದ ಯಂತ್ರವನ್ನು ನಾನೇ ಎರಡು ಸಲ ಪರೀಕ್ಷಿಸಿದ್ದೆ. ಮಠದ ಹಾಸ್ಟೆಲಿನಲ್ಲಿ ಗಂಟೆ ಹೊಡೆದ ಹಾಗೆ ಎದ್ದು, ಗಂಟೆ ಹೊಡೆದ ಹಾಗೆ ಉಂಡು ಬೆಳೆದವನು ನಾನು. ಯಾವುದನ್ನೂ ಕೊನೆ ಗಳಿಗೆಗೆ ಬಿಟ್ಟವನಲ್ಲ. ಆದರೂ ಏಳು ಗಂಟೆಗೆ ಆ ಅಂಗಳದಲ್ಲಿ ಓಡಾಡುತ್ತಿದ್ದದ್ದು ಎರಡು ನಾಯಿ ಮಾತ್ರ.

ಈಗ ಈ ಇಲಾಖೆಗೆ ಸೇರುವ ಹುಡುಗರು ನನ್ನನ್ನು ನಿಯಮ, ಉಪನಿಯಮ ಕೇಳುತ್ತಾರೆ. ಅವು ಪುಸ್ತಕದಲ್ಲಿವೆ, ಓದಿಕೊಳ್ಳಿ. ನನಗೆ ಬಡ್ತಿ ಯಾವಾಗ ಬಂತು ಅನ್ನುವುದರಿಂದಲೂ ನಿಮಗೆ ಉಪಯೋಗವಿಲ್ಲ. ಆ ಒಂದು ಬುಧವಾರ ಏನಾಯಿತು ಅಂತ ಹೇಳುತ್ತೇನೆ. ಅದಕ್ಕೆ ಮೊದಲು ಮೂರು ಸಂಗತಿ ತಿಳಿದಿರಬೇಕು.

ಮೊದಲನೆಯದು ಟವಲು. ನಾನು ಕೆಲಸಕ್ಕೆ ಸೇರಿದಾಗ ತಿಪಟೂರು ಸೀಮೆಯಲ್ಲಿ ಕೊಬ್ಬರಿಯ ದರ ಟವಲಿನ ಅಡಿಯಲ್ಲಿ ತೀರ್ಮಾನವಾಗುತ್ತಿತ್ತು. ಮಂಡಿಯವನೂ ಖರೀದಿಗೆ ಬಂದವನೂ ಒಂದೇ ಟವಲಿನೊಳಗೆ ಕೈ ತೂರಿಸಿ, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು, ಮುಖದಲ್ಲಿ ಏನೂ ತೋರಿಸದೆ ವ್ಯಾಪಾರ ಮುಗಿಸುತ್ತಿದ್ದರು. ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿದು, ಒಡೆದು, ಉಂಡೆ ಕೊಬ್ಬರಿ ತಂದ ರೈತ ಪಕ್ಕದಲ್ಲಿ ನಿಂತು ಟವಲು ಅಲುಗಾಡುವುದನ್ನು ನೋಡುತ್ತಿದ್ದ. ಮೊದಲ ತಿಂಗಳಲ್ಲಿ ಒಬ್ಬರನ್ನು ಕೇಳಿದೆ, ಎಷ್ಟಕ್ಕೆ ಕುದುರಿತು ಅಂತ.

"ನಂಗೇನ್ ಗೊತ್ತು ಸ್ವಾಮಿ? ಕೈ ಅವರದು, ಟವಲು ಅವರದು. ಕೊಬ್ಬರಿ ಒಂದು ನನ್ದು" ಅಂದರು.

ಆಮೇಲೆ ಚೀಟಿ ಪದ್ಧತಿ ಬಂತು. ರಾಶಿಗೊಂದು ನಂಬರು, ಖರೀದಿದಾರರು ದರ ಬರೆದು ಪೆಟ್ಟಿಗೆಗೆ ಹಾಕುವುದು, ಎಲ್ಲರ ಎದುರಿಗೆ ಕೂಗಿ ಓದುವುದು. ಆದರೆ ರಾಶಿ ಹಾಕಲು ಜಾಗ ಬೇಕಲ್ಲ. ಹಳೇ ಪೇಟೆಯಲ್ಲಿ ಎರಡು ಗಾಡಿ ಎದುರಾದರೆ ಒಂದು ಹಿಂದಕ್ಕೆ ಸರಿಯಬೇಕು. ಜಗಲಿಯ ಮೇಲೆ, ಚರಂಡಿಯ ಕಲ್ಲಿನ ಮೇಲೆ, ಹೋಟೆಲಿನ ಮೆಟ್ಟಿಲ ಮೇಲೆ ರಾಶಿ. ಅಂಥಲ್ಲಿ ಚೀಟಿ ಪೆಟ್ಟಿಗೆ ಬರುವ ಮುಂಚೆಯೇ ಟವಲು ಬಂದಿರುತ್ತಿತ್ತು. ಪುರಸಭೆಗೂ ಪೇಟೆ ಬೀದಿ ಅಗಲ ಮಾಡಿ, ಬಸ್ ನಿಲ್ದಾಣ ಕಟ್ಟಿ, ಸುತ್ತ ಹೊಸ ಅಂಗಡಿ ಸಾಲು ಎಬ್ಬಿಸುವ ಆಸೆ. ಹಾಗಾಗಿ ಕೊಬ್ಬರಿ ಊರಾಚೆಗೆ ಹೋಗಬೇಕು ಎಂದು ತೀರ್ಮಾನವಾಯಿತು.

ಎರಡನೆಯದು ಕಲ್ಲು. ನಮ್ಮ ಜಿಲ್ಲೆ ಮುಗಿದು ಪಕ್ಕದ ಜಿಲ್ಲೆ ಶುರುವಾಗುವ ಕಡೆ ರಸ್ತೆ ಬದಿ ಒಂದು ಕಲ್ಲು ನೆಟ್ಟಿತ್ತು. ಅದರಾಚೆ ನಮ್ಮ ಸಮಿತಿಯ ಮಾತು ನಡೆಯುವುದಿಲ್ಲ, ಅಲ್ಲಿ ಬೇರೆ ಸಮಿತಿ. ಇದನ್ನು ಅರಿತಿದ್ದ ಸೋಮಣ್ಣ ಎಂಬ ವ್ಯಾಪಾರಿ ಕಲ್ಲಿನ ಪಕ್ಕದಲ್ಲೇ ಉದ್ದಕ್ಕೆ ಒಂದು ಶೆಡ್ ಹಾಕಿದ್ದ. ಬಾಗಿಲು ನಮ್ಮ ಜಿಲ್ಲೆಯಲ್ಲಿ, ತೂಕದ ಯಂತ್ರ ಆ ಜಿಲ್ಲೆಯಲ್ಲಿ. ನಾನು ತಪಾಸಣೆಗೆ ಹೋದರೆ, "ತೂಗಿದ್ದು ಅಲ್ಲಿ ಸ್ವಾಮಿ, ಪರದೇಶದಲ್ಲಿ" ಅನ್ನುತ್ತಿದ್ದ. ಆ ಕಡೆಯವರು ಬಂದರೆ ಸರಕು ಇಳಿದದ್ದು ಈ ಕಡೆ ಅನ್ನುತ್ತಿದ್ದ. ಒಂದು ದಿನ ನಾನೂ ಆ ಸಮಿತಿಯ ಮೇಲ್ವಿಚಾರಕರೂ ಒಟ್ಟಿಗೆ ಅವನ ಶೆಡ್ಡಿನಲ್ಲಿ ಎದುರಾದೆವು. ಸೋಮಣ್ಣ ಗಾಬರಿಯಾಗಲಿಲ್ಲ.

"ಗಡಿ ಎಲ್ ಹಾದೋಯ್ತದೆ ಅಂತ ನೀವಿಬ್ರೂ ತೀರ್ಮಾನ ಮಾಡ್ಕಳಿ. ಅಷ್ಟರಲ್ಲಿ ಕಾಫಿ ತರುಸ್ತೀನಿ" ಅಂದ.

ನಾವಿಬ್ಬರೂ ಕಾಫಿ ಕುಡಿದು ಎದ್ದು ಬಂದೆವು. ಗಡಿ ಎಲ್ಲಿ ಹಾದುಹೋಗುತ್ತದೆ ಎಂದು ನನಗೆ ನಿವೃತ್ತಿಯವರೆಗೂ ಗೊತ್ತಾಗಲಿಲ್ಲ.

ಹೊಸ ಅಂಗಳಕ್ಕೆ ಹೋಗಬೇಕೆಂದಾಗ ಪೇಟೆಯವರು ಈ ಕಲ್ಲನ್ನೇ ತೋರಿಸಿ ಹೆದರಿಸುತ್ತಿದ್ದರು. "ಅಷ್ಟು ದೂರ ಹೋಗೋದಾದ್ರೆ ಇನ್ನೊಂದಿಷ್ಟು ದೂರ ಹೋಗ್ತೀವಿ ಬುಡಿ, ಆ ಊರಿನೋರು ಮಳಿಗೆ ಕಟ್ಕಂಡು ಕಾಯ್ತಾ ಅವ್ರೆ." ಅದು ಬರೀ ಬೆದರಿಕೆಯಾಗಿರಲಿಲ್ಲ. ಉತ್ತರದ ಕಡೆಯ ಖರೀದಿದಾರರ ಏಜೆಂಟರು ನಮ್ಮೂರಿನ ಲಾಡ್ಜಿನಲ್ಲಿ ಬೀಡುಬಿಟ್ಟಿದ್ದರು. ಅವರು ವಿಠಲರಾಯರಿಗೆ ನೇರವಾಗಿ ಹೇಳಿದ್ದರು: ಈ ಬುಧವಾರ ನಿಮ್ಮಲ್ಲಿ ಸರಕು ಬಂದರೆ ಸರಿ, ಬರದಿದ್ದರೆ ಮುಂದಿನ ವಾರದಿಂದ ಕಲ್ಲಿನಾಚೆಗೆ ಹೋಗುತ್ತೇವೆ. ಖರೀದಿದಾರರು ಹೋದರೆ ಮಂಡಿ ಹೋಗುತ್ತದೆ, ಮಂಡಿ ಹೋದರೆ ಹಮಾಲರಿಗೆ ಕೂಲಿ ಇಲ್ಲ, ಊರಿಗೆ ಮಾರುಕಟ್ಟೆಯೇ ಇಲ್ಲ. ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯದು ತಮಟೆ. ಅದರ ವಿಷಯ ನನಗೇ ಗೊತ್ತಿರಲಿಲ್ಲ. ಆ ಬೆಳಿಗ್ಗೆ ಏಳು ಗಂಟೆಗೆ ಗೊತ್ತಾಯಿತು.

ತಿಮ್ಮಣ್ಣ ಬಂದು ಪಿಸುಗುಟ್ಟಿದ. "ಸಾರ್, ಗಾಡಿಗಳು ಬತ್ತಾ ಅವೆ. ಆದ್ರೆ ಇಲ್ಲಿಗಲ್ಲ. ಪೇಟೆ ಒಳಗೆ ಬಂದು, ಮಂಡಿ ಬಾಗ್ಲು ಹಾಕಿರೋದ ನೋಡಿ, ಸೀದಾ ಕಲ್ಲಿನ ಕಡೀಕ್ ಹೋಗ್ತಾ ಅವೆ."

"ಇಲ್ಲಿಗೆ ಬರಬೇಕು ಅಂತ ಹಳ್ಳಿಹಳ್ಳಿಗೂ ಸಾರಿಸಿದ್ದೆವಲ್ಲ?"

ತಿಮ್ಮಣ್ಣ ಹನುಮಯ್ಯನ ಕಡೆ ನೋಡಿದ. ಹನುಮಯ್ಯ ಬೆಂಕಿ ಹಾಕಿಕೊಂಡು ತಮಟೆ ಕಾಯಿಸುತ್ತಿದ್ದ.

ವಿಠಲರಾಯರು ಕರಾವಳಿಯ ಕಡೆಯವರು. ಒಳ್ಳೆಯ ಅಧಿಕಾರಿ, ಶುದ್ಧ ಕನ್ನಡ. ಅವರೇ ಬರೆದುಕೊಟ್ಟ ಒಕ್ಕಣೆ ಹೀಗಿತ್ತು: "ಕೊಬ್ಬರಿ ವ್ಯಾಪಾರವನ್ನು ನೂತನ ಪ್ರಾಂಗಣಕ್ಕೆ ಸ್ಥಳಾಂತರಿಸಲಾಗುವುದು." ಹನುಮಯ್ಯ ಅದನ್ನು ಬಾಯಿಪಾಠ ಮಾಡಿಕೊಂಡು ದಂಡಿನಶಿವರ, ಕಂದಿಕೆರೆ, ಅಮ್ಮಸಂದ್ರದ ಕಡೆಯೆಲ್ಲ ತಿರುಗಿದ್ದ.

"ಏನಂತ ಸಾರಿದೆ, ಹನುಮಯ್ಯ?" ಎಂದು ಕೇಳಿದೆ.

"ಮೊದ್ಲು ಸ್ಥಳಾಂತರ ಅಂದೆ ಸ್ವಾಮಿ. ಒಬ್ರೂ ತಲೆ ಎತ್ತಿ ನೋಡ್ನಿಲ್ಲ. ಒಂದು ಮುದುಕಿ, ಸ್ಥಳಪುರಾಣನೇನಪ್ಪಾ, ಯಾವ ದೇವ್ರದು ಅಂದ್ಲು. ಆಮೇಲೆ ತಿಳಿಯೋ ಹಂಗೆ ಹೇಳ್ದೆ."

"ಏನಂತ?"

"ಪೇಟೆ ಕೊಬ್ಬರಿ ಮಂಡಿ ಎಲ್ಲಾ ಎತ್ತಂಗಡೀ ಅಂದೆ. ಮನೆ ಒಳಗಿದ್ದೋರೆಲ್ಲ ಬಾಗಿಲಿಗೆ ಬಂದ್ರು!"

ವಿಠಲರಾಯರು ನಕ್ಕುಬಿಟ್ಟರು. "ಸರಿಯಾಗಿಯೇ ಹೇಳಿದ್ದಾನಲ್ಲ ಮಾರಾಯ್ರೆ. ನನಗೆ ಮೂರು ಸಲ ಎತ್ತಂಗಡಿ ಆಗಿದೆ. ಹೊಸ ಊರಿಗೆ ಹೋದೆ, ಸಂಬಳ ಬಂತು. ಅದಕ್ಕೆ ಹೆದರುವುದು ಎಂತದು?"

ನನಗೆ ನಗು ಬರಲಿಲ್ಲ. ನೌಕರನಿಗೆ ಎತ್ತಂಗಡಿ ಅಂದರೆ ವರ್ಗ. ಮಂಡಿಯವನಿಗೆ ಹಾಗಲ್ಲ. ಇಂಥವನು ಅಂಗಡಿ ಎತ್ತಿದ ಅಂದರೆ ನಮ್ಮ ಸೀಮೆಯಲ್ಲಿ ಒಂದೇ ಅರ್ಥ, ದಿವಾಳಿಯಾದ. ಹನುಮಯ್ಯ ವಾರವಿಡೀ, ಸರ್ಕಾರದ ಖರ್ಚಿನಲ್ಲಿ, ಪೇಟೆಯ ಮಂಡಿಯವರೆಲ್ಲ ದಿವಾಳಿ ಎದ್ದರು ಎಂದು ತಮಟೆ ಬಾರಿಸಿಕೊಂಡು ಬಂದಿದ್ದ.

ಸೈಕಲ್ ಹತ್ತಿ ಪೇಟೆಗೆ ಹೋದೆ.

ಮಂಡಿಯವರೆಲ್ಲ ನೋಡಿ ನಡೆಯುತ್ತಿದ್ದದ್ದು ಚನ್ನಬಸಪ್ಪನವರನ್ನು. ಪೇಟೆಯಲ್ಲಿ ಅವರದೇ ಹಳೆಯ ಮಂಡಿ. ಅವರು ಹೋದ ಕಡೆ ಉಳಿದವರು ಹೋಗುತ್ತಾರೆ. ಮುಂದೆ ಮಂಡಿ, ಹಿಂದೆ ಮನೆ. ಬಾಗಿಲು ಹಾಕಿ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿಯೂ ಕೂತುಕೊಳ್ಳಿ ಅನ್ನಲಿಲ್ಲ. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಸಾವ್ಕಾರ್ರೇ, ಆದದ್ದು ಈಗ ಗೊತ್ತಾಯಿತು" ಅಂದೆ.

"ನಿಮಗೆ ಈಗ ಗೊತ್ತಾಯ್ತು. ಊರಿಗೆಲ್ಲ ಹೋದ ವಾರನೇ ಗೊತ್ತಾಗೈತೆ." ಅವರ ಧ್ವನಿ ಏರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾದದ್ದು. "ದಂಡಿನಶಿವರದಲ್ಲಿ ಮಗಳಿಗೆ ಗಂಡು ನೋಡಿದ್ವಿ. ಮಾತುಕತೆ ಮುಗಿದಿತ್ತು. ನೆನ್ನೆ ಗಂಡಿನ ಸೋದರಮಾವ ಬಂದು ಮಜ್ಜಿಗೆ ಕುಡುದು, ಮೆಲ್ಲಗೆ ಕೇಳ್ತಾನೆ, ಅಂಗಡಿ ಎತ್ತಿದ್ರಂತೆ, ಹೌದಾ ಅಂತ. ಏನ್ ಹೇಳ್ಲಿ ಕಣ್ರೀ ಅವನಿಗೆ?"

"ಅದು ಪದದಲ್ಲಿ ಆದ ತಪ್ಪು."

"ಪದ ಅಂದ್ರೆ ಏನಂದ್ಕಂಡ್ರಿ? ಮನೇಲಿ ದೀಪ ಆರಿಸು ಅಂತೀವಾ? ದೊಡ್ಡದು ಮಾಡು ಅಂತೀವಿ. ಮಲಗೋ ಹೊತ್ತಿನ ದೀಪಕ್ಕೇ ಅಷ್ಟು ನೋಡ್ಕಂಡು ಮಾತಾಡೋ ಜನ ನಾವು. ನಮ್ಮಪ್ಪ ಹೂಡಿದ ಅಂಗಡೀನ ತಮಟೆ ಹೊಡ್ಸಿ ಎತ್ತುಸ್ತೀರಲ್ರೀ. ಈಗ ನಾನು ಗಂಟುಮೂಟೆ ಕಟ್ಕಂಡು ನಿಮ್ಮ ಅಂಗಳಕ್ಕೆ ಬಂದ್ರೆ, ನೋಡ್ದೋರು ಏನಂತಾರೆ? ನಿಜ ಕಣ್ಲಾ, ಎತ್ತಂಗಡಿ ಆಯ್ತು ಅಂತಾರೆ."

ಹಾಗೆಂದು ಅವರು ಇಲ್ಲೇ ಕೂತರೂ ಜನ ಅದನ್ನೇ ಅನ್ನುತ್ತಾರೆ, ಬಾಗಿಲು ಹಾಕಿದೆ ಅಂತ. ಅದು ಅವರಿಗೂ ಗೊತ್ತಿತ್ತು. ಬೀದಿಯಲ್ಲಿ ಗಾಡಿಯೊಂದು ನಿಧಾನ ಮಾಡಿ, ಮುಚ್ಚಿದ ಬಾಗಿಲು ನೋಡಿ, ಮುಂದೆ ಹೋಯಿತು. ಗಾಡಿಯವನು ಚನ್ನಬಸಪ್ಪನವರ ಮುಖ ನೋಡದೆ ಎತ್ತಿನ ಬೆನ್ನು ನೋಡಿಕೊಂಡು ಹೋದ.

"ಹಾಗಾದರೆ ಏನಂತ ಸಾರಿಸಲಿ? ನೀವೇ ಹೇಳಿ" ಅಂದೆ.

ಬಾಗಿಲ ಸಂದಿಯಿಂದ ಅವರ ಹೆಂಡತಿ ನೀಲಮ್ಮನವರ ಧ್ವನಿ ಬಂತು.

"ಹೊಸ ಮನೆಗೆ ಹೋದೋರ್ನ ಮನೆ ಎತ್ತಿದ್ರು ಅಂತಾರಾ? ಒಕ್ಕಲಾದ್ರು ಅಂತಾರೆ."

"ನೀನು ಒಳಗಿರು" ಅಂದರು ಚನ್ನಬಸಪ್ಪ.

"ಒಳಗೇ ಇವ್ನಿ. ಸೂಪರ್‌ವೈಜರ್ರೇ, ಅಲ್ಲಿ ಹಾಲು ಉಕ್ಕಿಸಿದ್ರಾ?"

"ಟೇಪು ಕತ್ತರಿಸಿದೆವು, ಅಮ್ಮ."

"ಟೇಪು ಕತ್ತರಿಸಿದ್ರಂತೆ! ಕತ್ತರಿಸೋ ಶಾಸ್ತ್ರ ಯಾವ ಒಕ್ಕಲಲ್ಲೈತೆ? ಅದಕ್ಕೇ ಒಂದು ನರಪಿಳ್ಳೆ ಬಂದಿಲ್ಲ." ಬಾಗಿಲು ತೆರೆಯಿತು. ಕೈಯಲ್ಲಿ ಮನೆಯ ಹಿತ್ತಾಳೆ ಪಾತ್ರೆ. "ಮಂಡಿ ಒಕ್ಕಲು ಅಂತ ಸಾರ್ಸಿ. ನಾನು ಬಂದು ಹಾಲು ಉಕ್ಕಿಸ್ತೀನಿ. ಗಂಡಿನ ಕಡೆಯೋರ್ಗೂ ಹೇಳ್ಕಳಿಸ್ತೀನಿ, ಬಂದು ಉಣ್ಣಲಿ."

"ಮಂಡಿಗೆ ಹೆಂಗಸ್ರು ಹೋಗೋದುಂಟೇನೇ?"

"ದಿವಾಳಿ ಆದೋನ್ ಹೆಂಡ್ತಿ ಮನೇಲಿ ಕೂತು ಅಳ್ತಾಳೆ. ನಾನ್ಯಾಕೆ ಕೂರ್ಲಿ?"

ಚನ್ನಬಸಪ್ಪನವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಳು ಸೌದೆ ಕಟ್ಟುತ್ತಿದ್ದದ್ದನ್ನು ಮಾತ್ರ ನೋಡಿದೆ. ಕಾಯಲು ಹೊತ್ತಿರಲಿಲ್ಲ. ಅಂಗಳಕ್ಕೆ ಹೋಗಿ ಹನುಮಯ್ಯನನ್ನು ಸೈಕಲಿನ ಹಿಂದೆ ಕೂರಿಸಿಕೊಂಡು ಕಲ್ಲಿನ ಕಡೆ ತುಳಿದೆ. ಎದುರು ಗಾಳಿ. ತಮಟೆ ನನ್ನ ಬೆನ್ನಿಗೆ ಬಡಿಯುತ್ತಿತ್ತು. ದಾರಿಯುದ್ದಕ್ಕೂ ಹನುಮಯ್ಯ "ಒಕ್ಕಲು, ಒಕ್ಕಲು" ಎಂದು ಹೇಳಿಕೊಳ್ಳುತ್ತಿದ್ದ, ಮರೆತೀತು ಎಂಬ ಹೆದರಿಕೆಗೆ.

ಕಲ್ಲಿನ ಹತ್ತಿರ ಗಾಡಿಗಳ ಸಾಲು. ಕೆಲವು ಈ ಕಡೆ ಇದ್ದವು, ಕೆಲವು ಆಗಲೇ ದಾಟಿದ್ದವು. ಸೋಮಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಎಲೆಅಡಿಕೆ ಕೊಡುತ್ತಿದ್ದ.

"ಬನ್ನಿ ಸ್ವಾಮಿ, ನಿಮ್ಗೂ ಅಂಗಡಿ ಬೇಕಾ? ಎತ್ತಂಗಡಿ ಆದೋರ್ಗೆಲ್ಲ ಇಲ್ಲಿ ಜಾಗ ಐತೆ" ಅಂದ. ಗಾಡಿಯವರು ನಕ್ಕರು.

ಹನುಮಯ್ಯ ತಮಟೆ ಎತ್ತಿದ. "ಕೇಳ್ರಪ್ಪೋ! ಪೇಟೆ ಕೊಬ್ಬರಿ ಮಂಡಿ ಇವತ್ತು ಹೊಸ ಅಂಗಳದಲ್ಲಿ ಒಕ್ಕಲು! ಚನ್ನಬಸಪ್ಪನೋರ ಮನೆಯೋರು ಹಾಲು ಉಕ್ಕಿಸ್ತಾರೆ!" ಸಾರುತ್ತ ಸಾರುತ್ತ ಕಲ್ಲು ದಾಟಿ ಮುಂದೆ ಹೋದ. ನಾನು ಕಲ್ಲಿನ ಹತ್ತಿರವೇ ನಿಂತೆ. ಅಲ್ಲಿಂದಾಚೆ ನನಗೆ ಅಧಿಕಾರವಿಲ್ಲ.

"ಹನುಮಯ್ಯ, ಅದು ಬೇರೆ ಜಿಲ್ಲೆ" ಅಂದೆ.

"ತಮಟೆಗೂ ಜಿಲ್ಲೆ ಐತಾ ಸ್ವಾಮಿ?" ಎಂದು ತಿರುಗಿ ನೋಡದೆ ಕೇಳಿ, ಸೋಮಣ್ಣನ ತೂಕದ ಯಂತ್ರದ ಪಕ್ಕದಲ್ಲೇ ನಿಂತು ಇನ್ನೊಂದು ಸಲ ಸಾರಿದ.

ಕಂದಿಕೆರೆಯ ಕಡೆಯ ರಂಗಪ್ಪ ಎಂಬ ಹಿರಿಯರು ಗಾಡಿಯಿಂದಿಳಿದು ನನ್ನ ಹತ್ತಿರ ಬಂದರು. ಪ್ರತಿ ವರ್ಷ ಚನ್ನಬಸಪ್ಪನವರ ಮಂಡಿಗೇ ಹಾಕುತ್ತಿದ್ದವರು.

"ನಿಜ ಹೇಳಿ. ಸಾವ್ಕಾರ್ರು ಅಲ್ಲವ್ರಾ?"

ಅವರ ಹಿಂದೆ ಇಡೀ ಸಾಲು ಕಿವಿಗೊಟ್ಟಿತ್ತು. ಅವರು ಅಲ್ಲಿದ್ದಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇದ್ದಾರೆ ಅಂದು, ಇಲ್ಲದೆ ಹೋದರೆ, ಈ ಮನುಷ್ಯ ಇನ್ನೆಂದೂ ನಮ್ಮ ಅಂಗಳಕ್ಕೆ ಕಾಲಿಡುವುದಿಲ್ಲ. ಇಲ್ಲ ಅಂದರೆ ಈಗಲೇ ಮುಗಿಯಿತು.

"ನಾನು ಬರುವಾಗ ಹಾಲು ಕಾಯಿಸಲು ಸೌದೆ ಕಟ್ಟಿಸುತ್ತಿದ್ದರು. ನಾನು ಕಂಡದ್ದು ಅಷ್ಟೇ, ರಂಗಪ್ಪನೋರೇ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ದಿವಾಳಿ ಆದೋನು ಹಾಲು ಉಕ್ಕಿಸ್ತಾನೇನ್ಲಾ?" ಎಂದು ಹಿಂದಿನ ಗಾಡಿಯವನನ್ನು ಕೇಳಿ, ಉತ್ತರಕ್ಕೆ ಕಾಯದೆ ಎತ್ತುಗಳನ್ನು ತಿರುಗಿಸಿದರು. ಹಿಂದೆಯೇ ಇನ್ನೊಂದು ತಿರುಗಿತು. ಎಲ್ಲವೂ ತಿರುಗಲಿಲ್ಲ. ಸೋಮಣ್ಣನ ಎಲೆಅಡಿಕೆ ಹಾಕಿಕೊಂಡಿದ್ದವರು ಮುಲಾಜಿಗೆ ಬಿದ್ದು ಅಲ್ಲೇ ಉಳಿದರು. ಅವರನ್ನು ನಾನು ದೂರುವುದಿಲ್ಲ.

ವಾಪಸು ಬರುವ ದಾರಿ ನನ್ನ ಇಡೀ ನೌಕರಿಯಲ್ಲೇ ಉದ್ದದ ದಾರಿ. ಗಾಡಿಗಳ ಮುಂದೆ ಹೋಗಲು ಧೈರ್ಯವಿಲ್ಲ, ಅಂಗಳ ಖಾಲಿಯಿದ್ದರೆ ಮೊದಲು ನೋಡುವವನು ನಾನೇ ಆಗಬೇಕು. ಹಿಂದೆ ಉಳಿಯಲೂ ಧೈರ್ಯವಿಲ್ಲ.

ಗೇಟಿನ ಹತ್ತಿರ ಬಂದಾಗ ಹೊಗೆಯ ವಾಸನೆ ಬಂತು.

ಮಳಿಗೆಯ ಮುಂದೆ ಮೂರು ಕಲ್ಲು ಹೂಡಿ ನೀಲಮ್ಮನವರು ಕಣ್ಣೊರೆಸಿಕೊಳ್ಳುತ್ತ ಊದುತ್ತಿದ್ದರು. ಹಸಿ ಸೌದೆ. ಚನ್ನಬಸಪ್ಪನವರು ಒಗೆದ ಪಂಚೆ ಉಟ್ಟು, ವಿಭೂತಿ ಇಟ್ಟು, ಏನು ಮಾಡಬೇಕೆಂದು ತಿಳಿಯದೆ ಪಕ್ಕದಲ್ಲಿ ನಿಂತಿದ್ದರು. ಉಳಿದ ಮಂಡಿಯವರು ಗೇಟಿನಾಚೆ ಗುಂಪಾಗಿ ನಿಂತಿದ್ದರು, ಒಳಗೆ ಬಂದಿರಲಿಲ್ಲ. ಹಾಲು ಉಕ್ಕುತ್ತದೋ ಇಲ್ಲವೋ ನೋಡಿ ಬರುವ ಲೆಕ್ಕ. ವಿಠಲರಾಯರು ಕೈ ಹಿಂದೆ ಕಟ್ಟಿಕೊಂಡು ಪಾತ್ರೆಯನ್ನೇ ನೋಡುತ್ತಿದ್ದರು.

"ಎಂತ ಮಾರಾಯ್ರೆ, ಇಷ್ಟು ಹೊತ್ತು ಬೇಕಾ ಒಂದು ಹಾಲಿಗೆ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಅವರಿಗೂ ಹೆದರಿಕೆ ಹತ್ತಿತ್ತು.

ಹಾಲು ಉಕ್ಕಿತು. ಪೂರ್ವಕ್ಕೇ ಉಕ್ಕಿತು ಎಂದು ಯಾರೋ ಕೂಗಿದರು. ನನಗೇನೋ ಎಲ್ಲ ಕಡೆಗೂ ಉಕ್ಕಿದ ಹಾಗೆ ಕಂಡಿತು. ಅಷ್ಟರಲ್ಲಿ ರಂಗಪ್ಪನವರ ಗಾಡಿ ಗೇಟಿನೊಳಗೆ ಬಂತು. ಅದರ ಹಿಂದೆ ಮಂಡಿಯವರು ಬಂದರು, ಮೊದಲಿಂದಲೂ ಬರುವವರೇ ಇದ್ದೆವು ಅನ್ನುವ ಮುಖ ಮಾಡಿಕೊಂಡು.

ಆಮೇಲೆ ಕೆಲಸ. ಕೆಲಸ ಶುರುವಾದರೆ ನನಗೆ ಭಯ ಇರುವುದಿಲ್ಲ. ರಾಶಿ ಹಾಕಿಸಿದೆ, ನಂಬರು ಬರೆಸಿದೆ. ಏಜೆಂಟರಿಗೆ ಲಾಡ್ಜಿಗೆ ಹೇಳಿಕಳಿಸಿದೆ. ಬಂದರು, ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ತಟ್ಟಿ ನೋಡಿದರು, ಚೀಟಿ ಹಾಕಿದರು. ಒಬ್ಬರು ಅಭ್ಯಾಸಬಲದಿಂದ ಹೆಗಲ ಮೇಲಿನ ಟವಲು ತೆಗೆದು ಕೈ ಚಾಚಿದರು. ಸುತ್ತ ಬಯಲು, ನೂರು ಕಣ್ಣು. ನಾಚಿಕೊಂಡು ಅದೇ ಟವಲಿನಲ್ಲಿ ಮುಖ ಒರೆಸಿಕೊಂಡರು. ದರ ಕೂಗಿ ಓದಿದಾಗ ರಂಗಪ್ಪನವರು ಇನ್ನೊಂದು ಸಲ ಓದಿ ಅಂದರು. ಓದಿದೆ. ತಪ್ಪು ಕೇಳಿಸಿರಲಿಲ್ಲ ಎಂದು ಖಾತರಿ ಮಾಡಿಕೊಂಡು ಹೋದರು.

ಮಧ್ಯಾಹ್ನ ದಂಡಿನಶಿವರದಿಂದ ಗಂಡಿನ ಸೋದರಮಾವ ಬಂದರು. ರಾಶಿಗಳ ಮಧ್ಯೆ ಒಂದು ಸುತ್ತು ಹಾಕಿ, ಚಪ್ಪಲಿ ಬಿಟ್ಟು ಊಟಕ್ಕೆ ಕೂತರು. ನೀಲಮ್ಮನವರು ಎರಡನೇ ಸಲ ಪಾಯಸ ಬಡಿಸುವಾಗ ಬೇಡ ಅನ್ನಲಿಲ್ಲ. ಅಂಗಳಕ್ಕೆ ಬಂದ ಮೇಲೆ ಚನ್ನಬಸಪ್ಪನವರು ಮೊದಲ ಸಲ ಕೂತದ್ದು ಆಗಲೇ.

ಎಲ್ಲ ಒಳ್ಳೆಯದೇ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಂಜೆ ಕಾಗದ ತರಲು ಪೇಟೆಗೆ ಹೋದಾಗ ಹೋಟೆಲಿನವರು ಮೆಟ್ಟಿಲ ಮೇಲೆ ಕೂತಿದ್ದರು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು, ಅರ್ಧ ಹಾಗೆಯೇ ಇತ್ತು. "ನಮ್ಮ ಒಕ್ಕಲು ಯಾವಾಗ ಸ್ವಾಮಿ?" ಅಂದರು. ಬೀದಿ ಅಗಲವಾದ ಮೇಲೆ ಜನ ಬರುತ್ತಾರೆ ಎಂದು ಪುರಸಭೆಯವರ ಮಾತನ್ನೇ ಹೇಳಿದೆ. ಅವರು ನಂಬಲಿಲ್ಲ, ನಾನೂ ಒತ್ತಿ ಹೇಳಲಿಲ್ಲ. ಹೊಸ ಹುಡುಗರು ಇದನ್ನು ನೆನಪಿಡಬೇಕು. ಒಂದು ವ್ಯಾಪಾರವನ್ನು ಬೇರೆ ಕಡೆಗೆ ಕರೆದೊಯ್ಯುವಾಗ ಅದಕ್ಕೆ ಒರಗಿಕೊಂಡಿದ್ದವರ ಹೆಸರು ನಿಮ್ಮ ಆದೇಶದಲ್ಲಿ ಇರುವುದಿಲ್ಲ.

ಹೊತ್ತು ಮುಳುಗುವಾಗ ರಂಗಪ್ಪನವರ ಕೊನೆಯ ಚೀಲ ತೂಗಿ ಮುಗಿಯಿತು. ಏಜೆಂಟರು ಮುಂದಿನ ಬುಧವಾರಕ್ಕೆ ಲಾರಿ ಹೇಳಿದ್ದೇವೆ ಎಂದು ವಿಠಲರಾಯರಿಗೆ ತಿಳಿಸಿ ಹೋದರು. ಅಂದಿನ ಸರಕನ್ನು ಚನ್ನಬಸಪ್ಪನವರ ಮಳಿಗೆಯಲ್ಲಿ ಜೋಡಿಸಿ ತಿಮ್ಮಣ್ಣ ರೋಲಿಂಗ್ ಬಾಗಿಲು ಎಳೆದ. ಆಗ ತಿಳಿಯಿತು. ಎಲ್ಲವನ್ನೂ ತರಿಸಿದ್ದೆವು, ಬೀಗ ತರಿಸಿರಲಿಲ್ಲ. ರಾತ್ರಿ ಕಾಯಬೇಕಾದಷ್ಟು ಸರಕು ಅಂದು ಅಲ್ಲಿ ಉಳಿಯುತ್ತದೆ ಎಂದು ಸಮಿತಿಯಲ್ಲಿ ಯಾರೂ ನಂಬಿರಲಿಲ್ಲವೇನೋ.

"ನಾನು ಇಲ್ಲೇ ಮಲಗುತ್ತೇನೆ ಸಾವ್ಕಾರ್ರೇ" ಅಂದೆ.

"ಬ್ಯಾಡ ಬುಡಿ." ಚನ್ನಬಸಪ್ಪನವರು ಆಳನ್ನು ಕರೆದರು. "ಓಡೋಗಿ ಪೇಟೆ ಅಂಗಡಿ ಬೀಗ ತಗಂಬಾ."

"ಅಲ್ಲಿಗೆ?" ಎಂದು ಕೇಳಿದೆ.

"ಅಲ್ಲಿ ಕಾಯೋ ಅಂಥದ್ದು ಏನೈತೆ ಈಗ?"

ಆಳು ತಂದದ್ದು ಅವರ ತಂದೆಯ ಕಾಲದ ಬೀಗ, ಹಿಡಿಯಷ್ಟು ದಪ್ಪ, ಎಣ್ಣೆಯ ಪಸೆ. ಅವರು ಹಾಕಿದಾಗ ಕೊಂಡಿ ಕೂರಲಿಲ್ಲ. ನನ್ನ ಕೈಗೆ ಕೊಟ್ಟರು. ಕೊಂಡಿ ಒತ್ತಿದೆ, ಬೀಗದ ಕೈ ತಿರುಗಿಸಿದೆ, ಎರಡು ಸಲ ಜಗ್ಗಿ ನೋಡಿದೆ. ಭದ್ರವಾಗಿತ್ತು. ಬೀಗದ ಕೈಯನ್ನು ಅವರಿಗೆ ಕೊಟ್ಟು, ಸೈಕಲ್ ತೆಗೆದುಕೊಂಡು ಮನೆಗೆ ಹೊರಟೆ.